ನೆಂಟರಿಲ್ಲದ ಊರು

ಕಡೂರಿನ ಓಂಕಾರೇಶ್ ಮೇಷ್ಟ್ರ ಕಷ್ಟ ಶತ್ರುವಿಗೂ ಬೇಡ. ಹದಿನೆಂಟು ವರ್ಷದ ಸಂಸಾರದಲ್ಲಿ ಪ್ರತಿ ಬೇಸಿಗೆಯೂ ಹೆಂಡತಿಯನ್ನು ಕರೆದುಕೊಂಡು ಪ್ರವಾಸ ಹೋಗಿದ್ದಾರೆ, ಆದರೆ ಒಂದು ಊರನ್ನೂ ನೋಡಿಲ್ಲ. ಮೈಸೂರಿನಲ್ಲಿ ಷಡ್ಡಕ ಹೊಸದಾಗಿ ಕಟ್ಟಿಸಿದ ನೀರಿನ ಸಂಪು ನೋಡಿದರು (ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ತೋರಿಸಿದ). ಅರಮನೆಗೆ ಹೊತ್ತು ಸಾಲಲಿಲ್ಲ. ಉಡುಪಿಯಲ್ಲಿ ಸಮುದ್ರಕ್ಕೆ ಹೊರಟವರನ್ನು ಹೆಂಡತಿಯ ದೊಡ್ಡಮ್ಮನ ಮಗಳು ಉಪ್ಪಿಟ್ಟಿಗೆ ಕೂರಿಸಿ, ಆಲ್ಬಮ್ ತೆಗೆದು, ಮೂರು ಮದುವೆ ಒಂದು ಗೃಹಪ್ರವೇಶ ತೋರಿಸಿ ಮುಗಿಸುವಷ್ಟರಲ್ಲಿ ಸೂರ್ಯನೇ ಮುಳುಗಿಹೋದ. ಹೆಂಡತಿ ದೀಪಶ್ರೀಯ ಕಡೆಯವರಿಲ್ಲದ ಊರು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ.

ಈ ಏಪ್ರಿಲ್‌ನಲ್ಲಿ ಪರೀಕ್ಷೆ ಪೇಪರು ತಿದ್ದಿ ಮುಗಿಸಿದ ದಿನವೇ ಮೇಷ್ಟ್ರು ಶಾಲೆಯ ಭಾರತ ಭೂಪಟವನ್ನು ಮನೆಗೆ ತಂದು ನಡುಮನೆಯ ಗೋಡೆಗೆ ತೂಗುಹಾಕಿದರು. (ಅವರದು ಸಮಾಜ ಪಾಠ.) ಕೋಲು ಹಿಡಿದು ಘೋಷಿಸಿದರು: "ಎಂಟು ದಿನ. ನಾನು, ನೀನು, ಉತ್ತರ ಭಾರತ. ನೆಂಟ್ರ ಮನೆ ಅಂತ ಒಂದೂ ಇರಬಾರ್ದು."

"ನೆಂಟ್ರೇನು ನಿಮ್ಮನ್ನ ಕಚ್ತಾರಾ?"

"ಕಚ್ಚಲ್ಲ ಕಣೇ, ಬಡಿಸ್ತಾರೆ."

ಕೋಲು ಲೇಹ್ ಮೇಲೆ ನಿಂತಿತು. "ಅಯ್ಯೋ, ಸಿಂಗಟಗೆರೆ ಚಿಕ್ಕಪ್ಪನ ಅಳಿಯ ಮಿಲಿಟ್ರೀಲಿ ಅಲ್ಲೇ ಅಲ್ವೇನ್ರೀ ಇರೋದು! ಒಂದ್ ಡಬ್ಬ ಚಟ್ನಿಪುಡಿ ತಗೊಂಡೋಗಣ."

ಕೋಲು ಗಾಬರಿಯಿಂದ ಕೇದಾರಕ್ಕೆ ಇಳಿಯಿತು. "ಅಲ್ಲಿ ನಮ್ ಕಡೆ ಅಯ್ನೋರು ಒಬ್ರವ್ರೆ. ನಮ್ ಲಗ್ನ ಮಾಡ್ಸಿದ್ರಲ್ಲ, ಅವರ ತಮ್ಮ."

"ಮನಾಲಿ?"

"ನಮ್ಮತ್ತಿಗೆ ತಮ್ಮ ಹೋಟ್ಲಲ್ಲಿ ಮ್ಯಾನೇಜರು. ರೂಮು ಪುಕ್ಕಟೆ ಕೊಡುಸ್ತಾನೆ!"

ಮೇಷ್ಟ್ರು ಛಲ ಬಿಡಲಿಲ್ಲ. ಮೂರು ದಿನ ಮೊಬೈಲು ತಿಕ್ಕಿ ತಿಕ್ಕಿ, ಸ್ಪಿತಿ ಕಣಿವೆಯ ಆಚೆ ಇಪ್ಪತ್ತೆರಡೇ ಮನೆಯ ಒಂದು ಹಳ್ಳಿ ಪತ್ತೆಹಚ್ಚಿದರು. ಬಾಡಿಗೆಗೆ ಕೋಣೆ ಕೊಡುವವನಿಗೆ ಫೋನ್ ಮಾಡಿ, "ಉಧರ್ ಕರ್ನಾಟಕ ಆದ್ಮಿ ಹೈ ಕ್ಯಾ?" ಎಂದು ಕೇಳಿದರು. ಅವನು, "ಕರ್ನಾಟಕ? ವೋ ಕಹಾಂ ಹೈ?" ಎಂದ. ಬೇರೆ ದಿನವಾಗಿದ್ದರೆ, ಕರ್ನಾಟಕ ಎಲ್ಲಿದೆ ಎಂದು ಕೇಳಿದ್ದಕ್ಕೇ ಸಮಾಜ ಪಾಠದ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಅವತ್ತು ಸಂತೋಷಕ್ಕೆ ಕಣ್ಣು ತುಂಬಿತು.

ಗೆದ್ದವರು ಬಾಯಿ ಮುಚ್ಚಿಕೊಂಡು ಹೋಗಬೇಕಿತ್ತು. ದೂರ ಪ್ರಯಾಣಕ್ಕೆ ಮುಂಚೆ ಹಿರಿಯರ ಕಾಲಿಗೆ ಬೀಳುವ ಪದ್ಧತಿ ನೋಡಿ, ದಂಪತಿಗಳು ಅಜ್ಜಂಪುರದ ಅತ್ತೆ ಮನೆಗೆ ಹೋದರು. ಅಲ್ಲಿ ಅತ್ತೆ ಸುಲೋಚನಮ್ಮ, ಭಾವಮೈದ ಹಾಲೇಶ, ತರೀಕೆರೆಯಿಂದ ಬಂದಿದ್ದ ಚಿಕ್ಕಮ್ಮಂದಿರು, ಎಲ್ಲರೂ ಊಟಕ್ಕೆ ಕೂತಿದ್ದರು. ಮೇಷ್ಟ್ರು ತಡೆಯಲಾರದೆ ಬೀಗಿದರು: "ಆ ಊರಲ್ಲಿ ನಮ್ಮೋರು ಅಂತ ಒಂದ್ ನರಪಿಳ್ಳೆ ಇಲ್ಲ!"

ಸುಲೋಚನಮ್ಮನ ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಕಷ್ಟಸುಖಕ್ಕೆ ಆಗೋರು ಒಬ್ರೂ ಇಲ್ವಾ? ಅಂಥಾ ಕಡೆಗೆ ನನ್ ಮಗಳನ್ನ ಒಂಟಿಯಾಗಿ ಕಳಸ್ಲಾ?"

"ಒಂಟಿ ಎಲ್ಲತ್ತೆ? ನಾನಿದ್ದೀನಲ್ಲ."

"ಅದನ್ನೇ ಕಣಪ್ಪಾ ನಾನು ಹೇಳಿದ್ದು."

ಹಾಲೇಶ ಎಂಜಲು ಕೈಯಲ್ಲೇ ಎದ್ದು ನಿಂತ. "ಅಮ್ಮ, ಯಾಕ್ ಯೋಚ್ನೆ? ನಾವೆಲ್ಲಾ ಜೊತೇಲಿ ಹೋಗ್ತೀವಿ!" ಸಂಜೆಯ ಕಾಫಿಗೆ ಮುಂಚೆ ಹತ್ತು ಜನ ತಯಾರಾದರು. ಕುಕ್ಕರು ಯಾರು ತರಬೇಕು, ರೊಟ್ಟಿ ಯಾರು ತಟ್ಟಬೇಕು ಎಂಬುದೂ ನಿಶ್ಚಯವಾಯಿತು. ಮಿಲಿಟರಿ ಅಳಿಯನಂತೂ ರಜೆ ಹಾಕಿ ಲೇಹ್‌ನಿಂದ ನೇರವಾಗಿ ಅಲ್ಲಿಗೇ ಬರುವುದಾಗಿ ಫೋನಿನಲ್ಲೇ ಮಾತು ಕೊಟ್ಟ.

ಮೇಷ್ಟ್ರಿಗೆ ರೇಗಿಹೋಯಿತು. "ಹಾಗಾದ್ರೆ ನಾನು ಬರಲ್ಲ!" ಎಂದು ಅಬ್ಬರಿಸಿ, ಗೋಡೆ ಕಡೆ ತಿರುಗಿ ಕೂತರು. ಅದು ಅಳಿಯಂದಿರ ಬ್ರಹ್ಮಾಸ್ತ್ರ. ಹಿಂದೆ ಮೂರು ಸಲ ಪ್ರಯೋಗಿಸಿದ್ದರು. ಮೂರು ಸಲವೂ ಇಡೀ ಮನೆ ಬಂದು ಅಂಗಲಾಚಿ, ಪಾಯಸ ಕುಡಿಸಿ ಮುನಿಸು ಇಳಿಸಿತ್ತು. ಈ ಸಲ ಬೆನ್ನ ಹಿಂದೆ ಬರೀ ಪಿಸುಪಿಸು ಕೇಳಿತು. ಆಮೇಲೆ ಹಾಲೇಶ ಓಡಿಬಂದು ಎರಡೂ ಕೈ ಹಿಡಿದುಕೊಂಡ.

"ಭಾವ, ನೀವು ದೇವ್ರು ಕಣ್ರೀ! ಎಲ್ರೂ ಹೋದ್ರೆ ಅಮ್ಮನ್ನ ಯಾರ ಹತ್ರ ಬಿಡೋದು ಅಂತ ತಲೆ ಕೆಟ್ಟೋಗಿತ್ತು."

ದೀಪಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮಮ್ಮಂಗೋಸ್ಕರ ಇಷ್ಟು ದೊಡ್ಡ ತ್ಯಾಗ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ ಕಣ್ರೀ."

ಅಷ್ಟಾದ ಮೇಲೆ ಯಾವ ಗಂಡಸು ಮಾತು ಹಿಂದಕ್ಕೆ ತೆಗೆದುಕೊಂಡಾನು?

ಹೊರಟ ದಿನ ಮೇಷ್ಟ್ರು ಕಡೂರು ಸ್ಟೇಷನ್ನಿನಲ್ಲಿ ದೀಪಶ್ರೀಯೂ ಸೇರಿ ಹನ್ನೊಂದು ಜನಕ್ಕೆ ಕೈ ಬೀಸಿ, ಅತ್ತೆಯನ್ನು ಮನೆಗೆ ಕರೆತಂದರು. ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಪೇಪರು ಬಿಡಿಸಿ ಕಾಲು ಚಾಚಿ ಕೂತಾಗ ಒಂದು ಸತ್ಯ ಹೊಳೆಯಿತು. ನೆಂಟರೆಲ್ಲ ಹಿಮಾಲಯ ಹತ್ತಿದ್ದಾರೆ, ಎಂಟು ದಿನ ಬಾಗಿಲು ಬಡಿಯುವವರು ಯಾರೂ ಇಲ್ಲ. ಮನಸ್ಸು ಹಗುರವಾಗಿ, ಸಣ್ಣಗೆ ಶಿಳ್ಳೆಯನ್ನೂ ಹಾಕಿದರು.

"ಅಳಿಯಂದ್ರೇ," ಸುಲೋಚನಮ್ಮ ಒಳಗಿಂದ ಕೂಗಿದರು, "ಮನೆ ಬಿಕೋ ಅಂತೈತೆ. ಶಿವಮೊಗ್ಗದ ನನ್ ತಂಗಿಗೆ ಫೋನ್ ಹಾಕ್ದೆ. ಪ್ರವಾಸಕ್ಕೆ ಅವ್ರನ್ನ ಕರೀಲಿಲ್ಲ ಅಂತ ಪಾಪ ಬೇಜಾರಾಗವ್ರೆ. ಸಂಜೆ ಬಸ್ಸಿಗೆ ಆರ್ ಜನ ಬತ್ತವ್ರೆ. ಪ್ರವಾಸ ಹೋದೋರು ವಾಪಸ್ ಬರೋಗಂಟ ಇರ್ತಾರಂತೆ."

"ಅಡುಗೆ?" ಮೇಷ್ಟ್ರು ಪೇಪರು ಮಡಿಸಿದರು.

"ನಂಗೆ ಮಂಡಿ ನೋವು ಕಣಪ್ಪಾ, ನಿಲ್ಲಕ್ಕಾಗಲ್ಲ. ನೀವು ಅಕ್ಕಿ ನೆನೆ ಹಾಕಿ. ದೋಸೆ ಹೆಂಗೆ ಹುಯ್ಯೋದು ಅಂತ ನಾನು ಕೂತ್ಕೊಂಡೇ ಹೇಳ್ಕೊಡ್ತೀನಿ."