ಅಂಕ ಸಹಿತ

ಸತ್ತ ಮೇಲೂ ಗಂಡನ ಮೇಲೆ ದೂರು ಬರುತ್ತದೆ ಎಂದು ಅತ್ತಿಗೆ ಎಣಿಸಿರಲಿಲ್ಲ. ಬದುಕಿದ್ದಾಗ ಬರುತ್ತಿತ್ತು. ಪಕ್ಕದ ಮನೆಯ ನಲ್ಲಿ ಬಿಚ್ಚಿದರು, ಜೋಡಿಸಲಿಲ್ಲ. ಎದುರು ಮನೆಯ ಫ್ಯಾನು ರಿಪೇರಿ ಮಾಡಿದರು, ಅದು ಹಿಂದಕ್ಕೆ ತಿರುಗಲು ಶುರು ಮಾಡಿತು. ಹೀಗೆ. ಆದರೆ ಅವರು ಹೋಗಿ ಒಂಬತ್ತು ತಿಂಗಳಾದ ಮೇಲೆ ಹೈಸ್ಕೂಲಿನ ಹೆಡ್ ಮೇಡಂ ಖುದ್ದಾಗಿ ಬಾಗಿಲಿಗೆ ಬಂದು, ಏದುಸಿರು ಬಿಡುತ್ತಾ, "ನಿಮ್ಮ ಯಜಮಾನ್ರು ಹೀಗೆ ಮಾಡಬಾರದಿತ್ತು" ಅಂದರು.

ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಯೂನಿಫಾರ್ಮಿನ ಅಂಚು ಹೊಲಿಯುತ್ತಿದ್ದಳು. ತುಳಿಯುವ ಕಾಲು ನಿಂತಿತು.

"ಏನು ಮಾಡಿದ್ರು?"

"ಪಾಸ್‌ವರ್ಡ್ ಹೇಳದೆ ಹೋದ್ರು."

"ನನಗೂ ಏನೂ ಹೇಳದೆ ಹೋದ್ರು. ಎದೆ ಹಿಡ್ಕೊಂಡು ಕೂತ್ರು, ಹೋದ್ರು. ನಿಮಗೊಂದು ಚೀಟಿ ಬರೆದಿಡಬೇಕಿತ್ತಾ?"

(ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ಇದ್ದದ್ದು ನಾದಿನಿ ಒಬ್ಬಳಿಗೇ. ಆದರೆ ನಾದಿನಿಯ ಗಂಟಲು ದೊಡ್ಡದು. ಕೇಳಿ ಕೇಳಿ ಇಡೀ ಓಣಿಗೇ ಅವಳು ಅತ್ತಿಗೆಯಾದಳು. ಎಪ್ಪತ್ತು ದಾಟಿದ ಮುದುಕರೂ ಪ್ಯಾಂಟು ಕಿರಿದು ಮಾಡಿಸಲು ಬಂದಾಗ "ಅತ್ತಿಗೇ" ಅನ್ನುತ್ತಿದ್ದರು.)

ಆ ನಾದಿನಿ ಈಗ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವಳು. ಅಣ್ಣ ಹೋದಾಗ ಒಂದು ವಾರ ಇದ್ದು ಹೋಗಲು ಬಂದಳು. ನಾಳೆ ಹೊರಡುವವಳಲ್ಲವೇ ಎಂದು ಚೀಲದಿಂದ ಬಟ್ಟೆ ತೆಗೆದು ಕಪಾಟಿಗಿಡಲಿಲ್ಲ. ಒಂಬತ್ತು ತಿಂಗಳಿಂದ ಆ ಚೀಲ ಹಾಗೆಯೇ ಇದೆ. ಅವಳೂ ಇದ್ದಾಳೆ. ಎರಡು ಹೊತ್ತು ಅತ್ತಿಗೆ ಬಡಿಸಿದ್ದನ್ನು ತಟ್ಟೆ ಸ್ವಚ್ಛವಾಗುವಂತೆ ತಿಂದು, ಅಡುಗೆಯ ಬಗ್ಗೆ ಒಂದಕ್ಷರ ಆಡದೆ ಎದ್ದುಹೋಗುತ್ತಾಳೆ.

"ನಮ್ಮಣ್ಣನ ವಿಷಯ ಅಂದ್ರೆ ನನ್ನ ಕೇಳಿ ಮೇಡಂ," ಅಂದಳು ನಾದಿನಿ.

"ಮನೆಯವಳು ನಾನಿದ್ದೀನಿ," ಅಂದಳು ಅತ್ತಿಗೆ.

ಹೆಡ್ ಮೇಡಂ ಇಬ್ಬರ ನಡುವೆ ಕುರ್ಚಿ ಎಳೆದು ಕೂತು ಕಥೆ ಹೇಳಿದರು.

ಯಜಮಾನರು ಹೈಸ್ಕೂಲಿನಲ್ಲಿ ಲ್ಯಾಬ್ ಸಹಾಯಕರಾಗಿದ್ದರು. ಎರಡು ವರ್ಷದ ಹಿಂದೆ ಶಾಲೆಗೆ ಒಂದು ದೊಡ್ಡ ಸ್ಮಾರ್ಟ್ ಬೋರ್ಡು ಬಂತು. ಬೋರ್ಡು ಸ್ಮಾರ್ಟಾಗಿತ್ತು, ಮೇಷ್ಟ್ರುಗಳು ಹೆದರಿದರು. "ಇದು ಕೆಲಸ ಮಾಡ್ತಿಲ್ಲ" ಎಂದು ಯಾರು ಕೂಗಿದರೂ ಯಜಮಾನರು ಬಂದು, ಮಾತಿಲ್ಲದೆ ಪ್ಲಗ್ ಹಾಕಿ, ಮಾತಿಲ್ಲದೆ ಹೋಗುತ್ತಿದ್ದರು. ಅದಕ್ಕೇ ಅವರಿಗೆ ಪ್ಲಗ್ಗಣ್ಣ ಎಂದು ಹೆಸರಾಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಒಬ್ಬೊಬ್ಬರ ಬಳಿಯೂ ಹೋಗಿ, "ಮಿಷನ್ನು ಆಮೇಲೆ ನೋಡೋಣ. ದಿನಾ ಪಾಠದಲ್ಲಿ ಎಲ್ಲಿ ಸುಸ್ತಾಗ್ತೀರಿ, ಅದು ಹೇಳಿ" ಎಂದು ಕೇಳಿದರು. ಗಣಿತದ ಮೇಷ್ಟ್ರು ಹಲಗೆಯ ಮೇಲೆ ಬರೆದ ವೃತ್ತ ಯಾವಾಗಲೂ ಆಲೂಗಡ್ಡೆಯಾಗುತ್ತಿತ್ತು. ಅವರಿಗೆ ತನ್ನಷ್ಟಕ್ಕೇ ಸುತ್ತಿಕೊಳ್ಳುವ ವೃತ್ತ ಮಾಡಿಕೊಟ್ಟರು. ಇತಿಹಾಸದ ಮೇಡಂಗೆ ಹರಿಯದ ನಕಾಶೆ ಕೊಟ್ಟರು. ವಿಜ್ಞಾನದ ಮೇಡಂಗೆ ಬಡಿದುಕೊಳ್ಳುವ ಹೃದಯ. ಹೀಗೆ ನೂರಾ ಹನ್ನೆರಡು ಪಾಠ ಆ ಬೋರ್ಡಿನ ಹೊಟ್ಟೆಯಲ್ಲಿದ್ದವು.

ಅವರು ಹೋದ ಮೇಲೆ ಬೋರ್ಡನ್ನು ಯಾರೂ ಆರಿಸಲಿಲ್ಲ. ಆರಿಸಿದರೆ ಹಚ್ಚುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ, ಒಂಬತ್ತು ತಿಂಗಳು ಹಗಲೂ ರಾತ್ರಿ ಉರಿಯಿತು. ಮೊನ್ನೆ ಗಣಿತದ ಮೇಷ್ಟ್ರು ತಮ್ಮ ಫೋನಿಗೆ ಚಾರ್ಜು ಹಾಕಲು ಪ್ಲಗ್ ಕಿತ್ತರು.

"ಈಗ ಪಾಸ್‌ವರ್ಡ್ ಕೇಳ್ತಿದೆ," ಅಂದರು ಹೆಡ್ ಮೇಡಂ. "ಹತ್ತು ಸಲ ತಪ್ಪು ಒತ್ತಿದ್ರೆ ಒಳಗಿರೋದೆಲ್ಲ ಅದೇ ಅಳಿಸಿ ಹಾಕುತ್ತಂತೆ. ಆರು ಸಲ ಆಗಿದೆ."

"ಏನೇನು ಒತ್ತಿದ್ರಿ?"

"ಶಾಲೆ ಹೆಸರು. ಒಂದು ಎರಡು ಮೂರು. ಪ್ಲಗ್ ಅಂತ. ಪ್ಲಗ್ ಅಂತಲೇ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಭಾಷೆ ಮೇಷ್ಟ್ರು ದಯವಿಟ್ಟು ತೆರೆ ಅಂತ ಒತ್ತಿದ್ರು. ಮತ್ತೆ ನನ್ನ ಹೆಸರು." ಹೆಡ್ ಮೇಡಂ ಸೆರಗು ಸರಿಮಾಡಿಕೊಂಡರು. "ಅದು ಯಾರೋ ಹೇಳಿದ್ದು."

"ಅದಕ್ಕೆ ನನ್ನ ಹತ್ರ ಯಾಕೆ ಬಂದ್ರಿ?"

"ಅದರಲ್ಲಿ ಒಂದು ಸುಳಿವು ಬರೆದಿಟ್ಟಿದಾರೆ." ಹೆಡ್ ಮೇಡಂ ಚೀಟಿ ತೆಗೆದು ಓದಿದರು. "ಮನೆಯವಳಿಗೆ ಗೊತ್ತು. ಅಂಕ ಸಹಿತ."

ಅತ್ತಿಗೆ ಯೂನಿಫಾರ್ಮಿನ ದಾರ ಕಡಿದಳು. ಯಜಮಾನರನ್ನು ಕಳಿಸಿಕೊಟ್ಟ ದಿನ ಅವಳು ಬಂದವರೆಲ್ಲರ ಮುಂದೆ, "ನನ್ನ ಹತ್ರ ಅವರು ಒಂದನ್ನೂ ಮುಚ್ಚಿಟ್ಟಿರಲಿಲ್ಲ" ಎಂದು ಹೇಳಿದ್ದಳು. ಹೇಳಿ ಅತ್ತಿದ್ದಳು. ಆಗ ನಾದಿನಿ ಮೂಗು ಮುರಿದದ್ದನ್ನೂ ನೋಡಿದ್ದಳು.

"ಗೊತ್ತಿಲ್ಲದಿದ್ರೆ ಪರವಾಗಿಲ್ಲ," ಅಂದರು ಹೆಡ್ ಮೇಡಂ.

ಅತ್ತಿಗೆ ಎದ್ದು ಮಿಷನ್ನಿನ ಮುಚ್ಚಳ ಹಾಕಿದಳು. ಆ ಮಾತು ಅವಳಿಗೆ ಆಗಿಬರುವುದಿಲ್ಲ.

"ಗೊತ್ತು," ಅಂದಳು. "ನಡೀರಿ." ನಾದಿನಿಯೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಬೋರ್ಡಿದ್ದ ತರಗತಿಯಲ್ಲಿ ಪಾಠ ಬಿಟ್ಟು ಹನ್ನೆರಡು ಮೇಷ್ಟ್ರುಗಳ ಮಹಾಸಭೆ ನೆರೆದಿತ್ತು. ಗಣಿತದ ಮೇಷ್ಟ್ರು ಅಪರಾಧಿಯ ಹಾಗೆ ಪ್ಲಗ್ಗಿನ ಪಕ್ಕದಲ್ಲೇ ನಿಂತು ಅದನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು. ಬೋರ್ಡು ಗೋಡೆಯಷ್ಟಗಲ ಕಪ್ಪಾಗಿತ್ತು. ನಡುವೆ ಒಂದು ಬಿಳಿಯ ಗೆರೆ ಮಿಟುಕುತ್ತಿತ್ತು.

"ಅಂಕ ಸಹಿತ ಅಂದ್ರೆ ಸಂಖ್ಯೆ ಸಹಿತ," ಅಂದರು ಗಣಿತದ ಮೇಷ್ಟ್ರು. "ಒಂದು ಮಾತು, ಹಿಂದೆ ಒಂದು ಸಂಖ್ಯೆ. ಇದರಲ್ಲಿ ಎರಡು ಮಾತಿಲ್ಲ. ಹೇಳಿ ಅತ್ತಿಗೆ, ನಿಮ್ಮನ್ನ ಮನೇಲಿ ಏನಂತ ಕರೀತಿದ್ರು?"

ಯಜಮಾನರು ಅತ್ತಿಗೆಯನ್ನು "ಇಗೋ" ಎಂದು ಕರೆಯುತ್ತಿದ್ದರು. ಹನ್ನೆರಡು ಮೇಷ್ಟ್ರುಗಳ ಮುಂದೆ, ಅದರಲ್ಲೂ ನಾದಿನಿಯ ಮುಂದೆ, ಅದನ್ನು ಹೇಳಲು ಬಾಯಿ ಬರಲಿಲ್ಲ.

"ಚಿನ್ನ," ಅಂದಳು.

"ಏನು?" ಅಂದಳು ನಾದಿನಿ.

"ಚಿನ್ನ ಅಂತಿದ್ರು. ನೀನಿಲ್ಲದಾಗ."

ಮದುವೆಯಾಗಿ ಇಪ್ಪತ್ತೊಂದು ವರ್ಷ ಎಂದು ಚಿನ್ನದ ಹಿಂದೆ ಇಪ್ಪತ್ತೊಂದು ಸೇರಿಸಿ ಒತ್ತಿದರು. ಬೋರ್ಡು "ತಪ್ಪು" ಅಂದಿತು. ಗೋಡೆಯಷ್ಟಗಲ, ಕೆಂಪು ಅಕ್ಷರದಲ್ಲಿ. ಅತ್ತಿಗೆ ಕೆಂಪಾಗಿ ಕೂತಳು.

"ಸುಳ್ಳು ಹೇಳಿದ್ರೆ ಅದಕ್ಕೂ ಗೊತ್ತಾಗುತ್ತೆ," ಅಂದಳು ನಾದಿನಿ. "ಚಿಕ್ಕಂದಿನಲ್ಲಿ ನನ್ನನ್ನ ಪುಟ್ಟಿ ಅಂತಿದ್ದ. ಅವನಿಗೆ ನಾನೇ ಮೊದಲು. ಪುಟ್ಟಿ, ಒಂದು. ಹಾಕಿ."

"ಮನೆಯವಳಿಗೆ ಗೊತ್ತು ಅಂತ ಬರೆದಿದೆ. ನೀನು ಮನೆಯವಳಾ?"

"ಒಂಬತ್ತು ತಿಂಗಳಿಂದ ಯಾರ ಮನೇಲಿದ್ದೀನಿ ಮತ್ತೆ?"

ಈ ವಾದವನ್ನು ಸಭೆ ಒಪ್ಪಿತು. ಒತ್ತಿದರು. ತಪ್ಪು. ಈಗ ಎರಡೇ ಸಲ ಉಳಿಯಿತು. ವಿಜ್ಞಾನದ ಮೇಡಂ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಹೆಡ್ ಮೇಡಂ ಬಂದು ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟರು.

"ಪರವಾಗಿಲ್ಲ ಬಿಡಿ."

"ಆ ಮಾತು ನನ್ನ ಮುಂದೆ ಆಡಬೇಡಿ!" ಅತ್ತಿಗೆ ಎದ್ದು ನಿಂತಳು. "ಇಪ್ಪತ್ತೊಂದು ವರ್ಷ ಕೇಳಿದ್ದೀನಿ. ಮಾಡಿ ಬಡಿಸಿ, ಹೇಗಿದೆ ಅಂದ್ರೆ ಪರವಾಗಿಲ್ಲ. ಚೆನ್ನಾಗಿದೆ ಅನ್ನಲ್ಲ, ಚೆನ್ನಾಗಿಲ್ಲ ಅನ್ನಲ್ಲ. ತಿಂದು, ಕೈ ತೊಳ್ದು, ಪರವಾಗಿಲ್ಲ!"

ಗಣಿತದ ಮೇಷ್ಟ್ರು ಪ್ಲಗ್ಗಿನಿಂದ ಕೈ ತೆಗೆಯದೆ ಕತ್ತು ಮಾತ್ರ ತಿರುಗಿಸಿದರು.

"ದಿನಾನಾ?"

"ದಿನಕ್ಕೆರಡು ಸಲ. ಭಾನುವಾರ ಮೂರು."

ಮೇಷ್ಟ್ರು ಪ್ಲಗ್ಗನ್ನು ಭಾಷೆ ಮೇಷ್ಟ್ರ ಕೈಗೆ ಒಪ್ಪಿಸಿ ಹಳೆಯ ಕಪ್ಪು ಹಲಗೆಗೆ ಹೋದರು. ಸೀಮೆಸುಣ್ಣ ಹಿಡಿದ ಕೂಡಲೇ ಅವರ ಮುಖಕ್ಕೆ ಕಳೆ ಬಂತು. ಇಪ್ಪತ್ತೊಂದು ವರ್ಷ, ದಿನಕ್ಕೆರಡು, ಅಧಿಕ ವರ್ಷಗಳು, ಭಾನುವಾರಗಳು.

"ವರ್ಷಕ್ಕೆ ಹತ್ತು ದಿನ ತವರಿಗೆ ಹೋಗ್ತಿದ್ಲು," ಅಂದಳು ನಾದಿನಿ. "ಕಳೀರಿ."

"ಜಗಳ ಆಡಿ ಮಾತು ಬಿಟ್ಟ ದಿನಗಳು?" ಮೇಷ್ಟ್ರು ವಿನಯದಿಂದ ಕೇಳಿದರು.

"ಅವತ್ತೂ ಅದೊಂದು ಮಾತು ಆಡ್ತಿದ್ರು," ಅಂದಳು ಅತ್ತಿಗೆ. "ಕಳೀಬೇಡಿ."

ಹದಿನಾರು ಸಾವಿರದ ಹನ್ನೆರಡು ಬಂತು. ಹನ್ನೆರಡು ಜನವೂ ಲೆಕ್ಕ ಪರಿಶೀಲಿಸಿ ಸರಿ ಅಂದರು. ಇಷ್ಟು ಸರಿಯಾದ ಉತ್ತರ ಆ ತರಗತಿಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಪರವಾಗಿಲ್ಲ, ಒಂದು ಆರು ಸೊನ್ನೆ ಒಂದು ಎರಡು. ಒತ್ತಿದರು.

ತಪ್ಪು.

ಇನ್ನು ಒಂದೇ ಸಲ. ಹೆಡ್ ಮೇಡಂ, "ಇಲ್ಲಿಗೆ ಸಾಕು, ಹಾಗೇ ಇರಲಿ" ಅಂದರು. ಹಾಗೇ ಇಟ್ಟುಕೊಂಡು ಏನು ಮಾಡುವುದೆಂದು ಯಾರೂ ಹೇಳಲಿಲ್ಲ. ಒಬ್ಬೊಬ್ಬರೇ ಸೀಮೆಸುಣ್ಣದ ಡಬ್ಬಿ ಹಿಡಿದು ಬಾಗಿಲ ಕಡೆ ಸರಿದರು.

ಅತ್ತಿಗೆ ಕದಲಲಿಲ್ಲ. ಅವಳಿಗೆ ಒಂದು ಜಗಳ ನೆನಪಾಗಿತ್ತು. ಎರಡು ವರ್ಷದ ಹಿಂದಿನದು, ಬೋರ್ಡು ಹೊಸದಾಗಿ ಬಂದ ವಾರದ್ದು. ಅವತ್ತೂ ಪರವಾಗಿಲ್ಲ ಅಂದಿದ್ದರು. ಇವಳು ರೇಗಿ ಸೌಟು ಎತ್ತಿ, "ಸ್ಕೂಲಲ್ಲಿ ಇರೋರು ನೀವು. ನೂರಕ್ಕೆ ಇಷ್ಟು ಅಂತ ಅಂಕ ಆದ್ರೂ ಕೊಟ್ಟುಬಿಡಿ, ನನಗೂ ಗೊತ್ತಾಗ್ಲಿ" ಅಂದಿದ್ದಳು. ಯಜಮಾನರು ಕೈ ಒರೆಸಿಕೊಳ್ಳುತ್ತಾ, "ಕೊಟ್ಟಿದ್ದೀನಿ" ಅಂದಿದ್ದರು. "ಎಲ್ಲಿ?" "ಬರೆದಿಟ್ಟಿದ್ದೀನಿ." ಎಷ್ಟು ಎಂದು ಹೇಳಿರಲಿಲ್ಲ. ಇವಳು ವಾರವಿಡೀ ಅವರ ಅಂಗಿಯ ಜೇಬು ತಡಕಿದ್ದಳು.

"ಮೇಷ್ಟ್ರೇ," ಅಂದಳು, "ನಾನು ನಾಲ್ಕನೇ ಕ್ಲಾಸು. ಅಂಕ ಅಂದ್ರೆ ನನಗೆ ಗೊತ್ತಿರೋದು ಮಾರ್ಕ್ಸು."

ಬಾಗಿಲವರೆಗೆ ಹೋದವರೆಲ್ಲ ತಿರುಗಿ ಬಂದರು. ಅತ್ತಿಗೆ ಜಗಳವನ್ನು ಹೇಳಿದಳು. ಸೌಟು ಎತ್ತಿದ್ದನ್ನು ಮಾತ್ರ ಹೇಳದೆ ಬಿಟ್ಟಳು.

"ಹಾಗಾದ್ರೆ ನೂರು ಹಾಕಿ," ಅಂದರು ವಿಜ್ಞಾನದ ಮೇಡಂ. "ಹೆಂಡತಿಗೆ ಕಮ್ಮಿ ಕೊಡ್ತಾರಾ?"

"ತೊಂಬತ್ತು," ಅಂದರು ಹೆಡ್ ಮೇಡಂ. "ನೂರು ಕೊಡೋ ಮನುಷ್ಯ ಅಲ್ಲ."

"ಸೊನ್ನೆ," ಅಂದಳು ನಾದಿನಿ.

ನೂರು ಎಂದು ಅತ್ತಿಗೆಯ ಬಾಯಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಹನ್ನೆರಡು ಜನರ ಮುಂದೆ ತಲೆಯೆತ್ತಿ ಮನೆಗೆ ಹೋಗಬಹುದಿತ್ತು. ಹೇಗೂ ಅಳಿಸಿಹೋಗುವುದು ಅವಳ ಪಾಠವಲ್ಲ. ಅವಳು ಬೋರ್ಡು ನೋಡಿದಳು. ಕೆಳಗಿನ ಮೂಲೆಯಲ್ಲಿ, ತಂತಿ ಬರುವ ಕಡೆ, ಒಂದು ಬಟ್ಟೆಯ ಪಟ್ಟಿ ಸುತ್ತಿತ್ತು. ಅವಳ ಮಿಷನ್ನಿನ ಕೆಳಗೆ ಬಿದ್ದ ಚೂರು. ಯಾವಾಗ ಎತ್ತಿಕೊಂಡು ಹೋಗಿದ್ದರೋ.

"ಮೇಷ್ಟ್ರೇ, ಇಲ್ಲಿ ನೀವು ಪರವಾಗಿಲ್ಲ ಅನ್ನೋದು ಯಾರಿಗೆ?"

ಮೇಷ್ಟ್ರು ಸೀಮೆಸುಣ್ಣ ನೋಡಿಕೊಂಡರು. "ಈ ಕಡೆಗೂ ಅಲ್ಲ, ಆ ಕಡೆಗೂ ಅಲ್ಲ ಅನ್ನೋರಿಗೆ ಅತ್ತಿಗೆ. ಪಾಸಾಗೋಕೆ ಎಷ್ಟು ಬೇಕೋ ಅಷ್ಟೇ ತಗೊಂಡಿರ್ತಾರಲ್ಲ, ಅವರಿಗೆ."

"ಎಷ್ಟು ಬೇಕು?"

"ಮೂವತ್ತೈದು."

ಅತ್ತಿಗೆ ನಾದಿನಿಯ ಕಡೆ ನೋಡಲಿಲ್ಲ.

"ಹಾಕಿ," ಅಂದಳು.

"ಅತ್ತಿಗೆ, ಇದು ಕೊನೇದು. ಯೋಚನೆ ಮಾಡಿ."

"ಅವರ ಜೊತೆ ಬಾಳಿದ್ದು ನಾನು. ಹಾಕಿ."

ಪರವಾಗಿಲ್ಲ, ಮೂರು, ಐದು.

ಬೋರ್ಡು ಬೆಳಗಿತು. ಹನ್ನೆರಡು ಜನ ಒಟ್ಟಿಗೆ ಕೂಗಿದರು. ಭಾಷೆ ಮೇಷ್ಟ್ರು ಸಂತೋಷದಲ್ಲಿ ಕೈ ಎತ್ತಲು ಹೋದರು, ಗಣಿತದ ಮೇಷ್ಟ್ರು ಹಾರಿ ಬಂದು ಪ್ಲಗ್ ಹಿಡಿದರು. ಎದುರಿಗೆ ಕೆಂಪು ಹೃದಯವೊಂದು ಗೋಡೆಯಷ್ಟಗಲ ಬಡಿದುಕೊಳ್ಳುತ್ತಿತ್ತು.

ಗದ್ದಲದಲ್ಲಿ ಅತ್ತಿಗೆ ಹತ್ತಿರ ಹೋಗಿ ನಿಂತಳು.

"ಎಷ್ಟು ಹೊತ್ತು ಬಡ್ಕೊಳ್ಳುತ್ತೆ ಇದು?"

"ಪ್ಲಗ್ ತೆಗೆಯೋವರೆಗೆ," ಅಂದರು ವಿಜ್ಞಾನದ ಮೇಡಂ. ಅಂದು ನಾಲಿಗೆ ಕಚ್ಚಿಕೊಂಡರು.

"ತೆಗೀಬೇಡಿ," ಅಂದಳು ಅತ್ತಿಗೆ.

ಹೆಡ್ ಮೇಡಂ ಪಾಸ್‌ವರ್ಡ್ ಬದಲಾಯಿಸಿ ಏನಾದರೂ ಗೌರವವಾದದ್ದು ಇಡೋಣ ಅಂದರು. ಬದಲಾಯಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. "ಇರಲಿ, ಅವರು ಕೊಟ್ಟದ್ದು" ಅಂದಳು ಅತ್ತಿಗೆ. ಪ್ಲಗ್ ಇರಲಿ, ಪಾಠ ಮುಗಿದಾಗೆಲ್ಲ ಪರದೆ ಆರಿಸುವುದು ಎಂದು ತೀರ್ಮಾನವಾಯಿತು. ಹಾಗಾಗಿ ಇನ್ನು ಮುಂದೆ ದಿನಕ್ಕೆ ಏಳು ಪೀರಿಯಡ್, ಒಬ್ಬರಲ್ಲ ಒಬ್ಬರು ಮೇಷ್ಟ್ರು ಬಂದು ಅತ್ತಿಗೆಯ ಅಡುಗೆಯ ಅಂಕವನ್ನು ಒತ್ತಿಯೇ ಪಾಠ ಶುರುಮಾಡಬೇಕು ಎಂದಾಯಿತು. "ಇದು ಪರಮ ಗುಟ್ಟು, ಈ ಕೋಣೆಯಿಂದ ಆಚೆ ಹೋಗಬಾರದು" ಎಂದು ಹೆಡ್ ಮೇಡಂ ಎಲ್ಲರಿಂದ ಮಾತು ತೆಗೆದುಕೊಂಡರು. ನಾದಿನಿಯೂ ತಲೆಯಾಡಿಸಿದಳು.

ಸಂಜೆ ಐದಕ್ಕೆ ಎದುರು ಮನೆಯವಳು ಲಂಗದ ಅಳತೆ ಕೊಡಲು ಬಂದಳು. ಅತ್ತಿಗೆ ಟೇಪು ಸುತ್ತಿ, "ಸೊಂಟ ಮೂವತ್ತೈದು" ಅಂದಳು. ಎದುರು ಮನೆಯವಳು ಕೆಮ್ಮಿದಳು. ಕೆಮ್ಮು ನಿಲ್ಲಲು ನೀರು ಕೊಡಬೇಕಾಯಿತು. ಹೋಗುವಾಗ, "ಪಾಸಾದದ್ದು ಪಾಸೇ ಅಲ್ವಾ ಅತ್ತಿಗೆ" ಎಂದು ಸಮಾಧಾನ ಹೇಳಿದಳು.

ರಾತ್ರಿಯ ಅಡುಗೆಯನ್ನು ಅತ್ತಿಗೆ ಅವತ್ತು ಎರಡು ಸಲ ರುಚಿ ನೋಡಿ ಇಳಿಸಿದಳು. ಉಪ್ಪು ಸರಿಯಿತ್ತು. ಹುಳಿ ಸರಿಯಿತ್ತು. ಬಡಿಸಿ ಎದುರಿಗೇ ಕೂತಳು. ನಾದಿನಿ ಎಂದಿನಂತೆ ತಲೆ ತಗ್ಗಿಸಿ ಉಂಡಳು. ಇನ್ನೊಂದು ಸಲ ಹಾಕಿಸಿಕೊಂಡಳು. ಮತ್ತೊಂದು ಸಲವೂ. ತಟ್ಟೆ ಬೆಳ್ಳಗಾಯಿತು.

ಒಂಬತ್ತು ತಿಂಗಳಲ್ಲಿ ಅತ್ತಿಗೆ ಅವಳನ್ನು ಎಂದೂ ಕೇಳಿರಲಿಲ್ಲ. ಅವತ್ತು ಕೇಳಿದಳು.

"ಹೇಗಿದೆ?"

ನಾದಿನಿ ಎದ್ದು ಕೈ ತೊಳೆದಳು. ಅಣ್ಣನ ಹಾಗೆಯೇ ನಿಧಾನವಾಗಿ ಒರೆಸಿಕೊಂಡಳು.

"ಮೂವತ್ನಾಲ್ಕು."