ಆರ್ವಿಲ್ ಮಾವನ ಕಾಲು ಯಾವ ಮಹಡಿಗೆ ಸೇರಿದ್ದು

ಇಂದ,
ಜುನಿಯಾ ಮೆಸ್ಸರ್,
ಗುಮಾಸ್ತೆ (ತಮ್ಮ ಕಂಪನಿಯ ಪ್ರಕಾರ ಮರ ಏರುವವಳು),
ಲೆಡ್‌ಫರ್ಡ್ ಮರ ಆರೈಕೆ, ಮಾಲೀಕರೂ ಸೇರಿ ನಾಲ್ಕು ಜನ,
ಲಾರೆಲ್ ಕಣಿವೆ, ಪೂರ್ವ ಟೆನೆಸೀ.

ಗೆ,
ಎರಡನೇ ಮತ್ತು ಮೂರನೇ ಮಹಡಿಗಳ ನಡುವಿನ ಮೆಟ್ಟಿಲಿನ ಅಧಿಕಾರಿಗಳು,
ಬ್ಲೂ ಹಾಲೋ ವಿಮಾ ಕಂಪನಿ.

ವಿಷಯ: ಬಿದ್ದವರನ್ನು ಬಿದ್ದಿಲ್ಲವೆಂದೂ ಕೂತವಳನ್ನು ಏರಿದ್ದಾಳೆಂದೂ ಬರೆದಿರುವ ತಮ್ಮ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸಿ, ಒಂದು ಕಾಲನ್ನು ನೆಟ್ಟಗೆ ಮಾಡಿಸಿಕೊಡುವ ಬಗ್ಗೆ.

ಉಲ್ಲೇಖ: 1) ಎರಡನೇ ಮಹಡಿಯ ಪತ್ರ: ‘ಮೂರನೇ ಮಹಡಿಯನ್ನು ವಿಚಾರಿಸಿ.’
2) ಮೂರನೇ ಮಹಡಿಯ ಪತ್ರ: ‘ಎರಡನೇ ಮಹಡಿಯನ್ನು ವಿಚಾರಿಸಿ.’
3) ನಮ್ಮಜ್ಜಿ ಹೇಳಿದ ಒಂದು ಕಥೆ, ದಿನಾಂಕವಿಲ್ಲದ್ದು.

ಮೆಟ್ಟಿಲ ಮೇಲಿನ ಮಾನ್ಯರೇ,

ತಮ್ಮಂಥ ಅಧಿಕಾರಿಯೊಬ್ಬರು ಇದ್ದಾರೆಂದು ನನಗೆ ಯಾರೂ ಹೇಳಿಲ್ಲ. ಆದರೆ ಸೇತುವೆಗೊಬ್ಬ, ಬಾವಿಗೊಬ್ಬಳು ಕಾವಲಿರುವ ಕಥೆಗಳನ್ನು ಕೇಳುತ್ತ ಬೆಳೆದವಳು ನಾನು. ಎರಡನೇ ಮಹಡಿಯಲ್ಲಿ ಆರೋಗ್ಯ ವಿಮೆ, ಮೂರನೆಯದರಲ್ಲಿ ಕೆಲಸದಲ್ಲಾದ ಗಾಯಗಳ ವಿಮೆ ಇರುವ ಕಟ್ಟಡದಲ್ಲಿ ಮೆಟ್ಟಿಲು ಕಾಯಲು ಯಾರಾದರೂ ಇದ್ದೇ ಇರಬೇಕು. ಆ ಕಾರಣ ಈ ಅರ್ಜಿ.

1. ನಮ್ಮಲ್ಲಿ ಮರ ಏರುವವರು ಆರ್ವಿಲ್ ಟಿಪ್ಟನ್. ಊರಿಗೆಲ್ಲ ಆರ್ವಿಲ್ ಮಾವ. ಕಳೆದ ತಿಂಗಳು ಚರ್ಚಿನ ಸ್ಮಶಾನದಲ್ಲಿ ಸಮಾಧಿಗಳಿಗೆ ಹೂವಿಡುವ ಭಾನುವಾರ. ಹೂವಿಟ್ಟಾದ ಮೇಲೆ ಅಲ್ಲೇ ಓಕ್ ಮರದಡಿ ಮೇಜು ಹಾಕಿ ಊರೆಲ್ಲ ಊಟ ಮಾಡುವುದು ವಾಡಿಕೆ. ಮೇಜಿನ ನೇರಕ್ಕೆ ಒಂದು ಒಣಕೊಂಬೆ ಜೋತಾಡುತ್ತಿತ್ತು. ಹೆಟ್ಟಿ ಗ್ರಿಂಡ್‌ಸ್ಟಾಫ್ ಅಜ್ಜಿ ಅದನ್ನು ನೋಡಿದರು.

“ಆರ್ವಿಲ್, ನೀನು ಬದುಕಿರುವಾಗ ಆ ಕೊಂಬೆ ನನ್ನ ತಲೆ ಮೇಲೆ ಬೀಳಬೇಕೇನೋ?”

“ಬೂಟು ತಂದಿಲ್ಲ ಕಣಜ್ಜಿ. ಇದು ಚರ್ಚಿನ ಬೂಟು.”

“ದೇವರ ಮುಂದೆ ನಡೆಯೋ ಬೂಟು ಮರದ ಮೇಲೆ ನಡೆಯಲ್ವಾ? ಹತ್ತು ಹತ್ತು, ಕೇಕು ಕೊಡ್ತೀನಿ.”

ಮಾವ ಹತ್ತಿದರು. ಕೊಂಬೆ ಸಲೀಸಾಗಿ ಇಳಿಯಿತು. ಮಾವ ಇಳಿಯುವಾಗ ನುಣುಪು ಬೂಟು ಜಾರಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು.

2. ಆಸ್ಪತ್ರೆಯಲ್ಲಿ ತಾತ್ಕಾಲಿಕ ಪಟ್ಟಿ ಹಾಕಿದರು. ಒಳಗೆ ಲೋಹದ ಪಟ್ಟಿ ಕೂರಿಸಬೇಕು, ತಡವಾದರೆ ಮೂಳೆ ಸೊಟ್ಟಗೆ ಕೂಡುತ್ತದೆ, ಆಮೇಲೆ ಮರವಿರಲಿ, ಮನೆಯ ಜಗಲಿ ಏರುವುದೂ ಕಷ್ಟ ಎಂದರು. ಆದರೆ ಎರಡರಲ್ಲಿ ಒಂದು ಮಹಡಿ ‘ಹೂಂ’ ಅನ್ನುವ ತನಕ ದಿನ ಗೊತ್ತುಮಾಡುವುದಿಲ್ಲವಂತೆ.

3. ಆದ್ದರಿಂದ ಎರಡನೇ ಮಹಡಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದರು, ಮಾವ ಸ್ಪೀಕರ್ ಹಾಕಿದರು. ಮಾವನ ಹಾಸಿಗೆಯ ಒಂದು ಪಕ್ಕದಲ್ಲಿ ನಾನಿದ್ದೆ. ದುರದೃಷ್ಟವಶಾತ್ ಇನ್ನೊಂದು ಪಕ್ಕದಲ್ಲಿ ಹೆಟ್ಟಿ ಅಜ್ಜಿಯೂ ಇದ್ದರು.

“ಕೊಂಬೆ ಕಡಿದಿದ್ದಕ್ಕೆ ಏನಾದರೂ ತಗೊಂಡ್ರಾ ಸರ್?”

“ಏನಿಲ್ಲಮ್ಮಾ. ಒಂದು ಕೇಕು ಅಷ್ಟೇ.”

“ಅದು ಕೆಲಸಕ್ಕೆ ಕೊಟ್ಟಿದ್ದೋ, ಪ್ರೀತಿಗೆ ಕೊಟ್ಟಿದ್ದೋ?”

ಪ್ರೀತಿಗೆ ಅನ್ನಿ ಎಂದು ನಾನು ಕೈಸನ್ನೆ ಮಾಡಿದೆ. ಅಜ್ಜಿಗೆ ರೇಗಿತು.

“ಏಳು ಪದರದ ಕೇಕು ಕಣೋ ಅದು! ಒಣಸೇಬು ಬೇಯಿಸಿ, ಪದರ ಪದರಕ್ಕೂ ಸವರಿ, ಎರಡು ದಿನ ನೆನೆಯೋಕೆ ಬಿಟ್ಟಿದ್ದೆ. ಈಗ ಬಿಟ್ಟಿ ಸಿಕ್ತು ಅಂತ ಬರೆಸ್ತೀಯಾ? ನಾನು ಯಾರಿಂದಲೂ ಪುಕ್ಕಟೆ ಕೆಲಸ ಮಾಡಿಸಿಕೊಂಡವಳಲ್ಲ!”

ನಮ್ಮ ಕಣಿವೆಯಲ್ಲಿ ಗಂಡಸು ಕಾಲು ಕಳೆದುಕೊಂಡು ಬದುಕಬಹುದು. ಹೆಟ್ಟಿ ಅಜ್ಜಿಯ ಕೇಕನ್ನು ಹೀಗಳೆದು ಬದುಕುವುದು ಸಾಧ್ಯವಿಲ್ಲ. “ಕೆಲಸಕ್ಕೇ ಕೊಟ್ಟಿದ್ದು ತಾಯಿ,” ಎಂದರು ಮಾವ.

4. ಕಾರಣ, ಎರಡನೇ ಮಹಡಿ ತೀರ್ಮಾನಿಸಿತು: ಪ್ರತಿಫಲ ಪಡೆದಿದ್ದರಿಂದ ಇದು ದುಡಿಮೆ, ನಮಗೆ ಸಂಬಂಧಿಸಿದ್ದಲ್ಲ. ಮೂರನೇ ಮಹಡಿ ತೀರ್ಮಾನಿಸಿತು: ಸಂಬಳದ ಪಟ್ಟಿಯಲ್ಲಿ ಕೇಕು ಕಾಣುವುದಿಲ್ಲವಾದ್ದರಿಂದ ಇದು ದುಡಿಮೆಯಲ್ಲ, ನಮಗೆ ಸಂಬಂಧಿಸಿದ್ದಲ್ಲ. ಎರಡೂ ಪತ್ರಗಳು ಒಂದೇ ದಿನ, ಒಂದೇ ಟಪಾಲಿನಲ್ಲಿ ಬಂದವು. ಎರಡರಲ್ಲೂ ಮಾವ ಬೇಗ ಗುಣಮುಖರಾಗಲೆಂದು ಹಾರೈಸಲಾಗಿದೆ.

5. ಉಲ್ಲೇಖ (3)ರ ಕಥೆಯಲ್ಲಿ ಹೊಳೆಯ ಎರಡು ದಡದಲ್ಲಿ ಇಬ್ಬರು ರಾಕ್ಷಸರು. ತಮ್ಮ ದಡದವರಿಗೆ ಮಾತ್ರ ಉಣ್ಣಲಿಕ್ಕುವ ಧರ್ಮಿಷ್ಠರು. ನಡುವಿನ ಬಂಡೆಯ ಮೇಲೊಬ್ಬ ಸಿಕ್ಕಿಕೊಂಡ. ಬೆಳಿಗ್ಗೆ ಒಬ್ಬ, “ನಿನ್ನ ನೆರಳು ಆ ಕಡೆ ಬಿದ್ದಿದೆ, ಅವನನ್ನು ಕೇಳು” ಅಂದ. ಸಂಜೆ ಇನ್ನೊಬ್ಬನೂ ಅದನ್ನೇ ಅಂದ. “ಆಮೇಲೇನಾಯ್ತಜ್ಜಿ?” ಅಂದರೆ, “ಏನಾಗತ್ತೆ, ಇನ್ನೂ ಹಸಿದೇ ಇದಾನೆ. ಮಲಕ್ಕೋ ಸುಮ್ನೆ,” ಎನ್ನುತ್ತಿದ್ದರು. ನಮ್ಮಜ್ಜಿ ಕಲ್ಪಿಸಿ ಹೇಳುತ್ತಿದ್ದರೆಂದೇ ನಾನು ತಿಳಿದಿದ್ದೆ. ಅವರೂ ಯಾವುದೋ ಕಾಲದಲ್ಲಿ ವಿಮೆ ಮಾಡಿಸಿದ್ದಿರಬೇಕು.

6. ಇಷ್ಟರಲ್ಲಿ ಮೂರನೇ ಮಹಡಿಯ ಆಡಿಟರ್ ನಮ್ಮ ಲೆಕ್ಕ ನೋಡಲು ಬಂದರು. ಗೋಡೆಯ ಮೇಲೆ ಒಂದು ಫೋಟೋ ಕಂಡಿತು: ನಾನು ಹೆಲ್ಮೆಟ್ ತೊಟ್ಟು ಮರದಡಿ ನಿಂತಿದ್ದೇನೆ. ಕೈಯಲ್ಲಿರುವುದು ಕೆಲಸದವರಿಗೆ ಒಯ್ದ ಹುರುಳಿಕಾಯಿಯ ಪಾತ್ರೆ. ಹೆಲ್ಮೆಟ್ ಇಲ್ಲದೆ ಯಾರೂ ಮರದಡಿ ಬರಕೂಡದೆಂಬುದು ತಮ್ಮ ಕಂಪನಿಯದೇ ನಿಯಮ. ಪಾಲಿಸಿದೆ. ಆ ಪ್ರಕಾರ ನನ್ನನ್ನು ಗುಮಾಸ್ತೆಯರ ಪಟ್ಟಿಯಿಂದ ತೆಗೆದು, “ಯಾವುದೇ ದಿನ, ಯಾವುದೇ ಸಮಯದಲ್ಲಿ ಮರದ ಮೇಲಿರಬಹುದಾದ ನೌಕರಳು” ಎಂದು ಬರೆಯಲಾಯಿತು. ನನ್ನ ಮೇಲಿನ ಪ್ರೀಮಿಯಂ ಮಾತ್ರ ನಿಜವಾಗಿಯೂ ಮರ ಏರಿತು.

ಮಾಲೀಕರಾದ ಹಾಯ್ಟ್ ಲೆಡ್‌ಫರ್ಡ್ ಆ ಕಾಗದವನ್ನು ಮೇಜಿಗೆ ಕುಕ್ಕಿದರು.

“ಕುರ್ಚಿ ಮೇಲೆ ಕೂತು ಕನಸು ಕಾಣೋಳಿಗೆ ನಾನು ಹಗ್ಗ ಹಿಡಿದು ಜೋತಾಡೋನ ರೇಟು ಕಟ್ಟಬೇಕು. ಇಳಿಯೇ ಮಾರಾಯ್ತಿ ಕೆಳಗೆ!”

“ಅಣ್ಣಾ, ನಾನು ಹತ್ತೇ ಇಲ್ಲ.”

“ಹತ್ತಿದ್ರೆ ಇಳಿಸಬಹುದಿತ್ತು! ಆ ಕಡೆ ಒಂದು ಹಳೇ ಟ್ರಕ್ಕು, ಒಂದು ಗರಗಸ ಇರೋನು ವಿಮೆನೂ ಇಲ್ಲ ಗಿಮೆನೂ ಇಲ್ಲ ಅಂತ ಅರ್ಧ ಬೆಲೆಗೆ ಕಡೀತಾನೆ. ನಾನು ಪ್ರಾಮಾಣಿಕವಾಗಿ ಮುಳುಗ್ತಿದೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಆರ್ವಿಲ್ ಊಟ ಮಾಡಿದನಾ?”

ಮಾವ ಊಟ ಮಾಡುತ್ತಿಲ್ಲ. ಕಿಟಕಿಯಾಚೆಯ ಮರಗಳನ್ನು ನೋಡುತ್ತಾರೆ, ಯಾವ ಕೊಂಬೆ ಯಾವ ಗಾಳಿಗೆ ಹೋಗುತ್ತದೆಂದು ಹೇಳುತ್ತಾರೆ. “ಇನ್ಮೇಲೆ ನೀನೇ ಹತ್ತು ಬಿಡವ್ವಾ, ಹೇಗೂ ದುಡ್ಡು ಕಟ್ಟಿಯಾಗಿದೆ,” ಎಂದು ನಗುತ್ತಾರೆ. ನಗುವಾಗ ಕಾಲು ಅಲುಗದಂತೆ ಎರಡೂ ಕೈಯಲ್ಲಿ ತೊಡೆಯನ್ನು ಒತ್ತಿ ಹಿಡಿದಿರುತ್ತಾರೆ.

7. ಮೇಲಿನ ಎಲ್ಲ ಕಾರಣಗಳಿಂದ, ಹಾಗೂ ತಮ್ಮ ದಾಖಲೆಗಳನ್ನು ಸುಳ್ಳೆನ್ನುವ ಧೈರ್ಯ ನಮ್ಮ ನಾಲ್ವರಲ್ಲಿ ಯಾರಿಗೂ ಇಲ್ಲವಾದ್ದರಿಂದ, ನಾನು ಅವನ್ನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತೇನೆ. ನಾನು ಮರದ ಮೇಲಿದ್ದೇನೆ. ‘ಯಾವುದೇ ದಿನ’ ಎಂಬುದರಲ್ಲಿ ಭಾನುವಾರವೂ ಬರುತ್ತದೆ. ಆ ಭಾನುವಾರ ನಾನು ಅದೇ ಸ್ಮಶಾನದಲ್ಲಿ ನಮ್ಮಜ್ಜಿಯ ಸಮಾಧಿಗೆ ಹೂವಿಡುತ್ತಿದ್ದೆ. ಆದ್ದರಿಂದ ಅಂದು ಓಕ್ ಮರದಿಂದ ಬಿದ್ದವಳು ನಾನೇ ಎಂದು ತೀರ್ಮಾನಿಸಿ, ನನ್ನ ಹೆಸರಿನಲ್ಲಿ ಕಟ್ಟಿಸಿಕೊಂಡ ಪ್ರೀಮಿಯಂಗೆ ಎದುರಾಗಿ ಶಸ್ತ್ರಚಿಕಿತ್ಸೆಯನ್ನು ಈ ವಾರವೇ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಬಹಳ ಎತ್ತರದಿಂದ,
ಜುನಿಯಾ ಮೆಸ್ಸರ್

ಲಗತ್ತು:
ಅ) ಹೆಲ್ಮೆಟ್ ಮತ್ತು ಹುರುಳಿಕಾಯಿ ಸಹಿತ ನನ್ನ ಫೋಟೋ.
ಆ) ಎಕ್ಸ್‌ರೇ, ಎಡಗಾಲು.
ಇ) ಕೇಕಿನ ಒಂದು ತುಂಡು. ಎರಡೂ ಮಹಡಿಯವರು ಹಂಚಿಕೊಂಡು ತಿಂದು, ಇದು ದುಡಿಮೆಯೋ ಪ್ರೀತಿಯೋ ಎಂದು ಹೆಟ್ಟಿ ಅಜ್ಜಿಗೇ ನೇರವಾಗಿ ಬರೆಯುವುದು.

ವಿ.ಸೂ.: ಬಿದ್ದವಳು ನಾನೇ ಎಂದು ಆದೇಶವಾದ ಪಕ್ಷದಲ್ಲಿ, ಕೊಯ್ಯುವಾಗ ಮಾತ್ರ ದಯಮಾಡಿ ಆರ್ವಿಲ್ ಮಾವನ ಕಾಲನ್ನೇ ಕೊಯ್ಯಿಸಬೇಕು. ನನ್ನದು ನೆಟ್ಟಗಿದೆ.