ಬಡಿಯದೆ ಬಿಡದ ನಮ್ಮ ಮಾವ

ಚಳ್ಳಕೆರೆಯಲ್ಲಿ ನಮ್ಮ ಸೋದರಮಾವ ಬಡಿಯದೆ ಬಿಟ್ಟದ್ದು ಏನಾದರೂ ಇದ್ದರೆ ಅದು ಮಕ್ಕಳನ್ನು ಮಾತ್ರ! ಊಟದ ತಟ್ಟೆ, ಕಿಟಕಿಯ ಸರಳು, ನೀರಿನ ಹಂಡೆ, ಬಸ್ಸಿನ ಸೀಟು, ಸೀಟಿನಲ್ಲಿ ಕೂತವರ ಬೋಳುತಲೆ... ಹೌದು ಸ್ವಾಮಿ, ತಳಕಿಗೆ ಹೋಗುವ ಬಸ್ಸಿನಲ್ಲಿ ಮುಂದಿದ್ದ ಹಿರಿಯರೊಬ್ಬರ ತಲೆಯ ಮೇಲೆ ಮೈಮರೆತು ಎರಡು ಬೆರಳು ಆಡಿಸಿಯೇ ಬಿಟ್ಟಿದ್ದರು. ಅವರು ಕೆಂಡವಾಗಿ ತಿರುಗಿದರೆ, ಮಾವ ತಪ್ಪಾಯಿತು ಅನ್ನಬೇಡವೇ? "ಒಳ್ಳೆ ನಾದ ಐತೆ ಯಜಮಾನ್ರೆ" ಅಂದರಂತೆ! ಪಾಪ, ಆ ಹಿರಿಯರು ತಳಕು ಬರುವ ತನಕ ತಲೆಗೆ ಟವೆಲ್ಲು ಸುತ್ತಿಕೊಂಡೇ ಕೂತಿದ್ದರು.

ಅಜ್ಜನದು ಶೇಂಗಾ ಎಣ್ಣೆಯ ಅಂಗಡಿ. ಇದ್ದೊಬ್ಬ ಮಗ ಗಲ್ಲಾದ ಮೇಲೆ ಕೂರಲಿ ಎಂದು ಅಜ್ಜನ ಆಸೆ. ಮಗ ಕೂತ. ಕೂತು ಎಣ್ಣೆ ಡಬ್ಬಗಳನ್ನು ಒಂದೊಂದಾಗಿ ತಟ್ಟಿ, ಸದ್ದಿನ ಪ್ರಕಾರ ಸಾಲಾಗಿ ಜೋಡಿಸಿಟ್ಟ. ಗಿರಾಕಿ ತುಂಬಿದ ಡಬ್ಬ ಕೇಳಿದರೆ ಮುಕ್ಕಾಲು ತುಂಬಿದ್ದನ್ನು ಮುಂದಿಟ್ಟು, "ಇದನ್ನ ತಗೊಳ್ರಿ, ತಟ್ಟಿ ನೋಡ್ರಿ, ಎಂಥ ಇಂಪು!" ಎನ್ನುವುದು. ಅಜ್ಜ ಒಳಗಿನಿಂದ ಓಡಿಬಂದು, "ಲೇ, ಅವರು ಒಗ್ಗರಣೆ ಹಾಕ್ತಾರೋ, ಕಚೇರಿ ಮಾಡ್ತಾರೋ?" ಎಂದು ಕೂಗಾಡಿದರು.

ಅಂಗಡಿ ಉಳಿಯಬೇಕಾದರೆ ಮಗ ಹೊರಗಿರಬೇಕು ಎಂದು ತೀರ್ಮಾನಿಸಿ, ಅಜ್ಜ ಮಾವನನ್ನು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಕಡೆಗೆ ಶೇಂಗಾ ಕೊಳ್ಳಲು ಕಳಿಸಿದರು. ಕೆಟ್ಟದ್ದೇ ಅಲ್ಲಿ! ಬಂಡೆಗಳ ನಡುವಿನ ಒಂದು ಹಟ್ಟಿಯಲ್ಲಿ ಕುರಿ ಸಾಕುವ ಯಜಮಾನರೊಬ್ಬರು ಉರುಮೆ ಬಾರಿಸುತ್ತಿದ್ದರು. ಉರುಮೆಗೆ ಎರಡು ಮುಖ. ಬಲಮುಖಕ್ಕೆ ಏಟು, ಎಡಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜಿದರೆ ಅದು ಹುಲಿಯ ಹಾಗೆ ಗುರುಗುಡುತ್ತದೆ. ಮಾವ ನಾಲ್ಕು ದಿನ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದರು.

"ಶೇಂಗಾ ಎಲ್ಲೋ?" ಅಜ್ಜ ಕೇಳಿದರು.

"ಯಾವ ಶೇಂಗಾ?" ಮಾವ ಕೇಳಿದರು.

ಅಲ್ಲಿಂದ ಮುಂದೆ ಉರುಮೆ ಕಲಿಯಲು ವಾರಕ್ಕೊಮ್ಮೆ ಆ ಹಟ್ಟಿಗೆ ಹೋಗುವುದೇ ಹೋಗುವುದು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ಆ ಯಜಮಾನರು ಚೆನ್ನಾಗಿದ್ದದ್ದಕ್ಕೆಲ್ಲ "ಬಾಗುಂದಿ" ಅನ್ನುತ್ತಿದ್ದರು. ಟೀ ಬಾಗುಂದಿ, ಟಗರು ಬಾಗುಂದಿ. ಮಾವನ ಬಾರಿಸುವಿಕೆಗೆ ಮಾತ್ರ, "ಸರಿ, ಕುರಿಗೆ ಮೇವು ಹಾಕು ಹೋಗು" ಅಷ್ಟೇ! ಆ ಒಂದು ಮಾತಿಗಾಗಿ ಮಾವ ಎಷ್ಟು ಹೊರೆ ಮೇವು ಹೊತ್ತರೋ ದೇವರೇ ಬಲ್ಲ. ಮಾತಂತೂ ಬರಲಿಲ್ಲ.

ತೊಂಬತ್ತರ ದಶಕದ ನಡುವೆ, ಯಜಮಾನರಿಗೂ ಸರಿಯಾಗಿ ಹೇಳದೆ, ಮಾವ ಉರುಮೆ ಹೆಗಲಿಗೇರಿಸಿ ಬೆಂಗಳೂರಿಗೆ ಹೋಗಿ ಒಂದು ಜಾಝ್ ಫ್ಯೂಷನ್ ತಂಡ ಸೇರಿಕೊಂಡರು. ಗಿಟಾರು, ಸ್ಯಾಕ್ಸಫೋನು, ಪಿಯಾನೋ, ಅದರ ಮಧ್ಯೆ ನಮ್ಮ ಉರುಮೆ! "ಹಂಗಂದ್ರೆ ಏನೋ ಅದು?" ಎಂದು ಅಜ್ಜ ಕೇಳಿದ್ದಕ್ಕೆ, "ನಾಕು ಜನ ನಾಕು ಬೇರೆ ಊರಿಗೆ ಹೊರಟು ಒಂದೇ ಬಸ್ಸು ಹತ್ತೋದು ಕಣಪ್ಪಾ" ಎಂದರು ಮಾವ. "ಬಸ್ಸು ಎಲ್ಲಿಗೆ ಹೋಗುತ್ತೆ?" ಎಂದರು ಅಜ್ಜ.

ಇಂಥವರಿಗೂ ಹೆಣ್ಣು ನೋಡಿದೆವು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆ. ಪಕ್ಕದ ಕೋಣೆಯಲ್ಲೇ ಮಗ್ಗ. ಹುಡುಗಿ ಬಂದು ಕೂತಳು. ಹುಡುಗ ಎದ್ದು ಮಗ್ಗದ ಕೋಣೆಗೆ ನಡೆದ! ಲಾಳಿಯ ಸದ್ದಿಗೆ ಕಂಬದ ಮೇಲೆ ತಾಳ ಹಾಕತೊಡಗಿದ. ನೇಯುವವರ ಕೈ ತನ್ನ ಲೆಕ್ಕ ಮರೆತು ಹುಡುಗನ ತಾಳದ ಹಿಂದೆ ಹೋಯಿತು. ನೋಡುತ್ತಾರೆ, ಅಂಚಿನ ನವಿಲಿಗೆ ಎರಡು ಕತ್ತು! ಹುಡುಗಿ ನಮ್ಮ ಅವ್ವನ ಕಡೆ ತಿರುಗಿ, "ಹೆಣ್ಣು ಇಲ್ಲೈತೆ, ಮಗ್ಗ ಅಲ್ಲೈತೆ. ಯಾವುದು ಒಪ್ಪಿಗೆ ಅಂತ ನಿಮ್ಮ ತಮ್ಮನ್ನ ಕೇಳ್ರಿ" ಎಂದಳು. ಅವಳೇ ಈಗ ನಮ್ಮ ಅತ್ತೆ.

ತಂಡ ದೇಶವಿದೇಶ ಸುತ್ತಿತು. ಪತ್ರಿಕೆಯಲ್ಲಿ ಮಾವನ ಫೋಟೋ ಬಂತು. ಕ್ಯಾಸೆಟ್ಟೂ ಬಂತು. ಯಾರು ಎಷ್ಟು ಹೊಗಳಿದರೂ ಮಾವನಿಗೆ ರುಚಿಸದು. "ಹಟ್ಟಿ ಯಜಮಾನ್ರು ಕೇಳಿ ಬಾಗುಂದಿ ಅಂದ್ರೆ ಸಾಕಿತ್ತು" ಎನ್ನುತ್ತಿದ್ದರು. ಹಾಗಿದ್ದರೆ ಹೋಗಿ ಕೇಳಿಸಬಾರದೇ? ಧೈರ್ಯವಿಲ್ಲ! ಕೊನೆಗೆ ಅತ್ತೆಯೇ ಬಾಡಿಗೆ ಕಾರು ಗೊತ್ತುಮಾಡಿ, ಮಾವನನ್ನೂ ನನ್ನನ್ನೂ ತಳ್ಳಿಕೊಂಡು ಹಟ್ಟಿಗೆ ಹೊರಟಳು.

ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾವ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಕ್ಯಾಸೆಟ್ಟು ಕೇಳಿಸಲೆಂದು ಯಜಮಾನರನ್ನು ಮೆಲ್ಲಗೆ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕೂತೊಡನೆ "ಬಾಗುಂದಿ" ಅಂದರು. ಮಾವನ ಮುಖ ಅರಳಿತು. "ಸೀಟು ಮೆತ್ತಗೈತೆ" ಎಂದು ಮಾತು ಮುಗಿಸಿದರು.

ಕ್ಯಾಸೆಟ್ಟು ಹಾಕಿದೆವು. ಸ್ಯಾಕ್ಸಫೋನು ಕೇಳಿ, "ಊದೋನು ಯಾವನೋ ಉಸಿರಿರೋ ಮನುಷ್ಯ" ಎಂದರು. ಕೊನೆಗೆ ಉರುಮೆ ಬಂತು. ಅವರ ಬೆನ್ನು ನೆಟ್ಟಗಾಯಿತು. ಗಿಟಾರು ಹಿಂದೆ ಸರಿಯಿತು, ಉರುಮೆಯೊಂದೇ ಉಳಿಯಿತು. ಆಮೇಲೆ ಇಂಥ ಸಂಗೀತದಲ್ಲಿ ಮಾಡುವ ಹಾಗೆ ಸದ್ದು ಸಣ್ಣಗಾಗುತ್ತಾ, ಸಣ್ಣಗಾಗುತ್ತಾ ಇಲ್ಲವಾಯಿತು.

"ಎಲ್ಲಿ ಬಿಟ್ಟೆ?" ಯಜಮಾನರು ಕೇಳಿದರು.

"ಏನನ್ನ ಯಜಮಾನ್ರೆ?"

"ದೇವರನ್ನ! ಹೊಳೆಯಿಂದ ದೇವರು ಗುಡಿಗೆ ನಡೆಯೋ ಏಟು ಇದು. ಒಳಗೆ ಕೂರೋ ತನಕ ನಿಲ್ಸಂಗಿಲ್ಲ. ನಡುದಾರೀಲಿ ನಿಲ್ಸಿ ನೀನು ಎತ್ತ ಹೋದೆ?"

ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ಕ್ಯಾಸೆಟ್ಟುಗಳಲ್ಲಿ, ಎಷ್ಟು ಊರುಗಳಲ್ಲಿ ದೇವರು ಬಿಸಿಲಿನಲ್ಲಿ ನಿಂತಿದ್ದಾನೋ! ಆದರೆ ಮಾವನ ಮುಖ ನೋಡಿದೆ, ನಗು ಅಲ್ಲೇ ಸತ್ತಿತು.

"ಕೂರ್ಸೋ ಏಟು ನಂಗೆ ಬರಂಗಿಲ್ಲ ಯಜಮಾನ್ರೆ" ಎಂದರು ಮಾವ. "ನೀವು ಹೇಳ್ಕೊಡೋ ಮುಂಚೇನೇ ಓಡೋದೆ. ಇಷ್ಟು ವರ್ಷ ಎಲ್ಲಾ ಕಡೆ ಹಿಂಗೇ ಸಣ್ಣಗೆ ಮಾಡಿ ತಪ್ಪಿಸ್ಕೊಂಡೀನಿ."

ಯಜಮಾನರು ನಮ್ಮ ಕೈ ಹಿಡಿದು ಕಾರಿನಿಂದ ಇಳಿದರು. ಆಮೇಲೆ ಗೋಡೆಯ ಮೇಲಿದ್ದ ತಮ್ಮ ಉರುಮೆ ತರಿಸಿದರು. ನೆಲದಲ್ಲಿ ಕೂತು ಎಡಗೈಯಲ್ಲಿ ಬಾಗಿದ ಕಡ್ಡಿ ಹಿಡಿದರು.

"ಉಜ್ಜೋದು ನಾನು, ಏಟು ನೀನು. ನಾನು ಬಾಯಲ್ಲಿ ಹೇಳ್ತೀನಿ. ಬಾ, ಕೂರ್ಸಾಣ."

ಒಂದೇ ಉರುಮೆಯ ಎರಡು ಮುಖಕ್ಕೆ ಇಬ್ಬರೂ ಕೂತರು. ಮಾವ ನಾಲ್ಕು ಸಲ ತಪ್ಪಿದರು, ನಾಲ್ಕು ಸಲವೂ ಬೈಸಿಕೊಂಡರು. ಐದನೆಯ ಸಲ ಇಬ್ಬರ ಕೈಯೂ ಒಟ್ಟಿಗೆ ನಿಂತಿತು.

"ಕೂತ" ಎಂದರು ಯಜಮಾನರು.

ಮಾವ ಅವರ ಮಡಿಲಲ್ಲಿ ತಲೆಯಿಟ್ಟು ಅತ್ತರು. ಅತ್ತೆಯೂ ಅತ್ತಳು, ನಾನೂ ಅತ್ತುಬಿಟ್ಟೆ. ಯಜಮಾನರು ಎಡಗೈಯಿಂದ ತಮ್ಮ ಬಿದ್ದುಹೋದ ಬಲಗೈಯನ್ನು ಎತ್ತಿ ಮಾವನ ತಲೆಯ ಮೇಲಿಟ್ಟು ಹೇಳಿದರು:

"ನಿನಗೇ ಕಾಯ್ತಿದ್ದೆ ಕಣೋ. ಈ ಏಟೊಂದನ್ನ ನನ್ನತ್ರ ಇಟ್ಕಂಡು ಹೆಂಗೆ ಸಾಯ್ಲಿ?"